ಬೀಗ ಹಾಕಿದ ಖಾತೆಗೂ ಬಾಗಿಲು ತೆರೆದೇ ಇರುತ್ತದೆ

ಪ್ರಶ್ನೆ: ನಮ್ಮ ಕಚೇರಿಯ ಲಿನಕ್ಸ್ ಸರ್ವರಿನಲ್ಲಿ ಡೇಟಾಬೇಸ್ ನಡೆಸಲು ‘ಡಿಬಿಅಡ್ಮಿನ್’ ಎಂಬ ಖಾತೆಯಿದೆ. ಅದರ ಪಾಸ್‌ವರ್ಡ್ ಆರು ಮಂದಿಗೆ ಗೊತ್ತಿದ್ದು, ಎಲ್ಲರೂ ತಮ್ಮ ಕಂಪ್ಯೂಟರಿನಿಂದ ನೇರವಾಗಿ ಆ ಹೆಸರಿನಲ್ಲೇ ಲಾಗಿನ್ ಆಗುತ್ತಾರೆ. ಈಚೆಗೆ ಒಂದು ಫೈಲ್ ಅಳಿಸಿಹೋದಾಗ, ಅಳಿಸಿದವರು ಯಾರೆಂದು ತಿಳಿಯಲಿಲ್ಲ. ಖಾತೆಗೆ ಬೀಗ ಹಾಕಿದರೆ ಸಾಕೇ?

ಉತ್ತರ: ಸಾಲದು. ಬೀಗ ಹಾಕುವ ಆದೇಶವು ಶ್ಯಾಡೋ ಎಂಬ ಫೈಲಿನಲ್ಲಿರುವ ಪಾಸ್‌ವರ್ಡಿನ ಹ್ಯಾಶ್‌ನ (ಗುಪ್ತರೂಪದ) ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆಯನ್ನು ಸೇರಿಸಿ ಪಾಸ್‌ವರ್ಡ್ ನಡೆಯದಂತೆ ಮಾಡುತ್ತದೆ, ಅಷ್ಟೆ. ಆರು ಮಂದಿಯಲ್ಲಿ ಯಾರಾದರೂ ದೂರದಿಂದ ಲಾಗಿನ್ ಆಗಲು ಪಾಸ್‌ವರ್ಡಿನ ಬದಲು ಬಳಸುವ ತಮ್ಮ ಎಸ್‌ಎಸ್‌ಎಚ್ ಕೀಲಿಯನ್ನು ಆ ಖಾತೆಯಲ್ಲಿ ಮೊದಲೇ ಇಟ್ಟಿದ್ದರೆ, ಪ್ಯಾಮ್ ಎಂಬ ಲಾಗಿನ್ ತಪಾಸಣಾ ವ್ಯವಸ್ಥೆ ಬಳಸುವ ಲಿನಕ್ಸ್‌ಗಳಲ್ಲಿ ಅವರು ಸಾಮಾನ್ಯವಾಗಿ ಮೊದಲಿನಂತೆಯೇ ಒಳಬರುತ್ತಾರೆ. ಖಾತೆಯ ಶೆಲ್ಲನ್ನು (ಆದೇಶಗಳನ್ನು ನಡೆಸುವ ಪ್ರೋಗ್ರಾಮನ್ನು) ‘ನೋಲಾಗಿನ್’ ಎಂದು ಬದಲಿಸಿದರೆ ಹೊರಗಿನವರ ಜೊತೆಗೆ, ಒಳಗಿನಿಂದ ‘ಎಸ್‌ಯು’ (ಬೇರೆ ಖಾತೆಗೆ ಬದಲಾಗುವ ಆದೇಶ) ಮಾಡಿ ಬರುವವರಿಗೂ ಖಾತೆ ಸಿಗುವುದಿಲ್ಲ. ಖಾತೆಯ ಅವಧಿಯನ್ನೇ ಮುಗಿಸಿಬಿಟ್ಟರೆ ನಿಗದಿತ ವೇಳೆಗೆ ತಾವಾಗಿ ನಡೆಯುವ ರಾತ್ರಿಯ ಕ್ರಾನ್ ಕೆಲಸಗಳೂ ನಿಂತುಹೋಗಬಹುದು.

ನಿಮಗೆ ಬೇಕಾದದ್ದು ಸರ್ವರಿನಲ್ಲಿ ಎಸ್‌ಎಸ್‌ಎಚ್ ಪ್ರವೇಶವನ್ನು ನೋಡಿಕೊಳ್ಳುವ ಎಸ್‌ಎಸ್‌ಎಚ್‌ಡಿ ಎಂಬ ಪ್ರೋಗ್ರಾಮಿನ ಕಾನ್ಫಿಗ್ ಫೈಲಿನಲ್ಲಿ ಒಂದೇ ಸಾಲು: ‘ಡಿನೈಯೂಸರ್ಸ್ ಡಿಬಿಅಡ್ಮಿನ್’. ಇದರಿಂದ ಪಾಸ್‌ವರ್ಡ್ ಇದ್ದರೂ ಕೀಲಿ ಇದ್ದರೂ ಎಸ್‌ಎಸ್‌ಎಚ್ ಮೂಲಕ ಪ್ರವೇಶ ಸಿಗುವುದಿಲ್ಲ. ಪ್ರತಿಯೊಬ್ಬರೂ ತಮ್ಮ ಹೆಸರಿನಲ್ಲಿ ಲಾಗಿನ್ ಆಗಿ, ಬಳಿಕ ಇನ್ನೊಂದು ಖಾತೆಯ ಹೆಸರಿನಲ್ಲಿ ಕೆಲಸ ಮಾಡಲು ಬಿಡುವ ‘ಸುಡೊ’ ಆದೇಶದ ಮೂಲಕ ಆ ಖಾತೆಗೆ ಹೋಗಲಿ. ಯಾರು, ಯಾವಾಗ ಹೋದರೆಂಬುದು ಲಾಗ್‌ನಲ್ಲಿ ಉಳಿಯುತ್ತದೆ. ಹೋದ ಮೇಲೆ ಶೆಲ್ಲಿನಲ್ಲಿ ಏನು ಮಾಡಿದರೆಂಬುದನ್ನು ಸುಡೊ ತಾನಾಗಿ ಬರೆದಿಡುವುದಿಲ್ಲವಾದರೂ, ಆರು ಜನರ ಮೇಲಿದ್ದ ಅನುಮಾನ ಆ ಹೊತ್ತಿಗೆ ಒಳಗಿದ್ದ ಒಬ್ಬಿಬ್ಬರಿಗೆ ಇಳಿಯುತ್ತದೆ.

‘ಅಲೋಯೂಸರ್ಸ್’ ಎಂಬ ಇನ್ನೊಂದು ಸಾಲೂ ಉಂಟು, ಆದರೆ ಅದನ್ನು ಬರೆದು ಎಸ್‌ಎಸ್‌ಎಚ್‌ಡಿಯನ್ನು ರೀಲೋಡ್ ಮಾಡಿದ ಕ್ಷಣದಿಂದ ಪಟ್ಟಿಯಲ್ಲಿಲ್ಲದವರೆಲ್ಲ ಹೊರಗುಳಿಯುತ್ತಾರೆ, ತಮ್ಮ ಹೆಸರನ್ನು ಸೇರಿಸಲು ಮರೆತ ನಿರ್ವಾಹಕರೂ ಸೇರಿದಂತೆ. ಯಾವ ಸಾಲನ್ನೇ ಸೇರಿಸಿದರೂ ಮೊದಲು ‘ಎಸ್‌ಎಸ್‌ಎಚ್‌ಡಿ -ಟಿ’ ಆದೇಶದಿಂದ ತಪ್ಪುಗಳನ್ನು ನೋಡಿಕೊಳ್ಳಿ; ರೀಲೋಡ್ ಮಾಡಿದ ಮೇಲೆ ಹಳೆಯ ವಿಂಡೋವನ್ನು ಮುಚ್ಚದೆ ಹೊಸದೊಂದರಿಂದ ಲಾಗಿನ್ ಆಗಿ ಪರೀಕ್ಷಿಸಿ. ಲಿನಕ್ಸ್ ಬದಲು ಐಬಿಎಂನ ಎಐಎಕ್ಸ್ ನಡೆಸುವ ಯಂತ್ರವಾಗಿದ್ದರೆ ಖಾತೆಯ ‘ಆರ್‌ಲಾಗಿನ್’ ಗುಣವನ್ನು ‘ಫಾಲ್ಸ್’ ಮಾಡುವ ಸೌಲಭ್ಯ ಇಂಥ ನೇರ ಲಾಗಿನ್ ತಡೆಯಲೆಂದೇ ಇದೆ.

ಇನ್ನೊಂದು ಮಾತು: ಬೇರೆ ಯಂತ್ರಗಳಿಂದ ಇದೇ ಹೆಸರಿನಲ್ಲಿ ಬ್ಯಾಕಪ್ ನಕಲು ಮಾಡುವ ಸ್ಕ್ರಿಪ್ಟ್‌ಗಳಿದ್ದರೆ ಅವೂ ನಿಲ್ಲುತ್ತವೆ. ಆದ್ದರಿಂದ ಒಂದು ವಾರದ ಎಸ್‌ಎಸ್‌ಎಚ್ ಲಾಗ್‌ನಲ್ಲಿ ಡಿಬಿಅಡ್ಮಿನ್ ಖಾತೆಗೆ ಯಾವ ಯಾವ ವಿಳಾಸಗಳಿಂದ ಪ್ರವೇಶವಾಗಿದೆಯೆಂದು ನೋಡಿ, ಅಂಥ ಸ್ಕ್ರಿಪ್ಟ್‌ಗಳಿಗೆ ಪ್ರತ್ಯೇಕ ಖಾತೆ ಮಾಡಿಕೊಟ್ಟ ಮೇಲೆ ‘ಡಿನೈಯೂಸರ್ಸ್’ ಸಾಲನ್ನು ಸೇರಿಸಿ.