ಫ್ಯಾಮಿಲಿ ಫೋಟೋಗೆ ಎಲ್ಲರೂ ಒಂದೇ ಬಣ್ಣದ ಬಟ್ಟೆ ಹಾಕಬೇಕಾ?
ಬೇಡ. ಯೂನಿಫಾರ್ಮ್ ಥರ ಕಾಣುತ್ತದೆ, ಜೊತೆಗೆ ಯಾರ ಭುಜ ಎಲ್ಲಿ ಮುಗಿಯಿತು ಅಂತಲೇ ಗೊತ್ತಾಗುವುದಿಲ್ಲ. ಹೊಂದುವ ಮೂರು ಬಣ್ಣ ಆರಿಸಿ ಹಂಚಿಕೊಳ್ಳಿ: ಕಡು ನೀಲಿ, ತಿಳಿ ಬೂದು, ಮಾಸಲು ಗುಲಾಬಿ, ಹೀಗೆ. ಕಣ್ಣು ಕುಕ್ಕುವ ಹಸಿರು, ಕಿತ್ತಳೆ ಬೇಡ. ಬೆಳಕು ಬಟ್ಟೆಗೆ ಬಡಿದು ಗದ್ದದ ಕೆಳಗೂ ಅದೇ ಬಣ್ಣ ಮೆತ್ತಿದ ಹಾಗೆ ಕಾಣುತ್ತದೆ. ಒತ್ತೊತ್ತಾದ ಸಣ್ಣ ಗೆರೆಯ ಶರ್ಟೂ ಬೇಡ, ಫೋಟೋದಲ್ಲಿ ಗೆರೆಗಳು ಅಲೆ ಅಲೆಯಾಗಿಬಿಡಬಹುದು.

ದಪ್ಪ ಕಾಣುತ್ತೇವೆ ಅಂತ ಹೆದರಿ ದೊಗಲೆ ಬಟ್ಟೆ ಹಾಕುವವರೇ ಜಾಸ್ತಿ. ಅದರಲ್ಲಿ ಇನ್ನೂ ದಪ್ಪ ಕಾಣುತ್ತೀರಿ! ತೋಳಿನ ಹೊಲಿಗೆ ಸರಿಯಾಗಿ ಭುಜದ ತುದಿಗೇ ಬರಬೇಕು. ಹಿಂದಿನ ದಿನವೇ ಹಾಕಿಕೊಂಡು, ಕೂತು, ಕೈ ಎತ್ತಿ ನೋಡಿ. ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಟ್ಟರೆ ಬೇರೆಯದು ಹುಡುಕಿ. ಮಕ್ಕಳಿಗೆ ಒಗೆದು ಮೆತ್ತಗಾದ ಬಟ್ಟೆಯೇ ಇರಲಿ. ಹೊಸದು ಚುಚ್ಚಿದರೆ ಪ್ರತಿ ಫೋಟೋದಲ್ಲೂ ಕತ್ತು ಕೆರೆದುಕೊಳ್ಳುತ್ತಿರುತ್ತವೆ.