‘ಶೂನ್ಯ ಪ್ರಾಕ್ಕಲ್ಪನೆ ಸಾಬೀತಾಯಿತು’ ಎಂದು ಬರೆಯಬೇಡಿ

ಪ್ರಶ್ನೆ: ಭತ್ತದ ಬಿತ್ತನೆ ಬೀಜದ ಮೊಳಕೆ ಪ್ರಮಾಣ ಕನಿಷ್ಠ ಶೇ 80 ಇರಬೇಕು. ಒಂದು ರಾಶಿಯಿಂದ ತೆಗೆದ 400 ಬೀಜಗಳಲ್ಲಿ 308 ಮೊಳೆತವು. ‘ರಾಶಿಯ ಮೊಳಕೆ ಶೇ 80’ ಎಂಬ ಶೂನ್ಯ ಪ್ರಾಕ್ಕಲ್ಪನೆ (ಪರೀಕ್ಷಿಸಲು ನಿಜವೆಂದು ಹಿಡಿಯುವ ಊಹೆ) ಶೇ 5ರ ಮಟ್ಟದಲ್ಲಿ ತಿರಸ್ಕೃತವಾಗಲಿಲ್ಲ. ‘ರಾಶಿಯ ಮೊಳಕೆ ಶೇ 80 ಎಂದು ಸಾಬೀತಾಗಿದೆ’ ಎಂದು ಬರೆದಿದ್ದಕ್ಕೆ ಅಂಕ ಕಳೆದಿದ್ದಾರೆ. ಏಕೆ?

ಉತ್ತರ: ಕಳೆದದ್ದು ಸರಿಯಾಗಿಯೇ ಇದೆ. ಪರೀಕ್ಷೆ ಹತ್ತಿರವಾದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ‘ಪಿ-ಮೌಲ್ಯ ದೊಡ್ಡದಾದರೆ ಒಪ್ಪಿಕೊಳ್ಳಿ’ ಎಂದು ಉರು ಹೊಡೆಸುವ ಗೈಡುಗಳನ್ನು ಮೊದಲು ರದ್ದಿಗೆ ಹಾಕಿ. ಪಿ-ಮೌಲ್ಯ ಎಂದರೆ ಪ್ರಾಕ್ಕಲ್ಪನೆ ನಿಜವಾಗಿದ್ದರೆ ಇಷ್ಟು ಅಥವಾ ಇದಕ್ಕಿಂತ ದೂರದ ಫಲಿತಾಂಶ ಬರುವ ಸಂಭವ, ಅಷ್ಟೇ.

ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಮಾದರಿಯಲ್ಲಿ ಶೇ 77, ಮಾನಕ ದೋಷ (ಮಾದರಿಯಿಂದ ಮಾದರಿಗೆ ಆಗುವ ಸಹಜ ಏರಿಳಿತ) 0.02, ಝೆಡ್ ಬೆಲೆ (ಪ್ರಾಕ್ಕಲ್ಪನೆಯಿಂದ ಎಷ್ಟು ಮಾನಕ ದೋಷದಷ್ಟು ದೂರ) −1.5, ಪಿ-ಮೌಲ್ಯ ಸುಮಾರು 0.067, ಅಂದರೆ ಶೇ 5ಕ್ಕಿಂತ ಹೆಚ್ಚು. ಈಗ ಅದೇ 308 ಬೀಜಗಳನ್ನು ಇಟ್ಟುಕೊಂಡು ‘ರಾಶಿಯ ಮೊಳಕೆ ಶೇ 75’ ಎಂಬ ಪ್ರಾಕ್ಕಲ್ಪನೆಯನ್ನು ಪರೀಕ್ಷಿಸಿ. ಝೆಡ್ 0.92, ಅದೂ ತಿರಸ್ಕೃತವಾಗುವುದಿಲ್ಲ. ಶೇ 78 ಇಟ್ಟು ನೋಡಿ, ಅದೂ ಉಳಿಯುತ್ತದೆ. ಒಂದೇ ರಾಶಿಗೆ 75, 78, 80 ಮೂರೂ ‘ಸಾಬೀತು’ ಆದವೇ?

ಇನ್ನೂ ಕೇಳಿ. ನೂರೇ ಬೀಜ ನೆನೆಸಿ 74 ಮೊಳೆತಿದ್ದರೂ ಝೆಡ್ ಅದೇ −1.5. 400ರಲ್ಲಿ ಅದೇ ಶೇ 74, ಅಂದರೆ 296 ಮೊಳೆತಿದ್ದರೆ ಝೆಡ್ −3, ನೇರ ತಿರಸ್ಕಾರ. ಬೀಜ ಕಡಿಮೆ ನೆನೆಸಿದಷ್ಟೂ ಕಳಪೆ ರಾಶಿ ಪಾರಾಗುತ್ತದೆ! ಇದನ್ನು ಸಾಬೀತು ಎನ್ನುವುದಾದರೆ ಬೀಜದ ವ್ಯಾಪಾರಿಗೆ ನಿಮಗಿಂತ ಒಳ್ಳೆಯ ಸಾಕ್ಷಿ ಸಿಗಲಾರರು. ‘ಶೇ 80ಕ್ಕಿಂತ ಕಡಿಮೆ ಎನ್ನಲು ಪುರಾವೆ ಸಾಲದು’ ಎಂದು ಬರೆಯಿರಿ. ಜೊತೆಗೆ ಶೇ 95ರ ವಿಶ್ವಾಸಾಂತರ (ರಾಶಿಯ ನಿಜ ಪ್ರಮಾಣಕ್ಕೆ ಮಾದರಿ ಕೊಡುವ ಅಂದಾಜು ವ್ಯಾಪ್ತಿ), ಸುಮಾರು ಶೇ 73ರಿಂದ 81, ಕೊಡಿ. ನಾನಾದರೆ ಅಂತರವಿಲ್ಲದ ಉತ್ತರಕ್ಕೂ ಪೂರ್ಣ ಅಂಕ ಕೊಡುವುದಿಲ್ಲ.

ಪ್ರಶ್ನೆ: ಪಿ-ಮೌಲ್ಯ 0.03 ಬಂದರೆ ಶೂನ್ಯ ಪ್ರಾಕ್ಕಲ್ಪನೆ ಸುಳ್ಳಾಗಿರುವ ಸಂಭವ ಶೇ 97 ತಾನೇ?

ಉತ್ತರ: ಅಲ್ಲ. ಅದು ನಿಜವೆಂದು ಹಿಡಿದೇ ಪಿ-ಮೌಲ್ಯವನ್ನು ಲೆಕ್ಕ ಹಾಕಿದ್ದೀರಿ.

ಪ್ರಶ್ನೆ: ಮಾನಕ ದೋಷಕ್ಕೆ ಮಾದರಿಯ ಪ್ರಮಾಣವೋ, ಪ್ರಾಕ್ಕಲ್ಪನೆಯದೋ?

ಉತ್ತರ: ಪರೀಕ್ಷೆಗೆ ಪ್ರಾಕ್ಕಲ್ಪನೆಯದು, ವಿಶ್ವಾಸಾಂತರಕ್ಕೆ ಮಾದರಿಯದು.

ಪ್ರಶ್ನೆ: ಮಾದರಿ ದೊಡ್ಡದಾಗಿದ್ದರೆ ಹೇಗೆ ಆಯ್ದರೂ ನಡೆಯುತ್ತದೆಯೇ?

ಉತ್ತರ: 1936ರಲ್ಲಿ ಅಮೆರಿಕದ ‘ಲಿಟರರಿ ಡೈಜೆಸ್ಟ್’ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಗುಡ್ಡೆ ಹಾಕಿಕೊಂಡು ಅಧ್ಯಕ್ಷೀಯ ಚುನಾವಣೆಯಲ್ಲಿ ಲ್ಯಾಂಡನ್ ಗೆಲ್ಲುತ್ತಾರೆಂದಿತು. ಗೆದ್ದದ್ದು ರೂಸ್‌ವೆಲ್ಟ್.

ಪ್ರಶ್ನೆ: ದತ್ತಾಂಶ ನೋಡಿದ ಮೇಲೆ ಏಕಬದಿಯ (ಒಂದೇ ದಿಕ್ಕಿನ ವ್ಯತ್ಯಾಸವನ್ನು ನೋಡುವ) ಪರೀಕ್ಷೆಗೆ ಬದಲಾಯಿಸಬಹುದೇ?

ಉತ್ತರ: ಅದಕ್ಕೆ ಮೋಸ ಎನ್ನುತ್ತಾರೆ.