ಪಿಎಚ್‌ಸಿಯಲ್ಲಿ (ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ) ಬಿಪಿ ರೋಗಿಗಳು ಮಧ್ಯದಲ್ಲೇ ಮಾತ್ರೆ ಬಿಡುತ್ತಾರೆ, ಅರಿವು ಮೂಡಿಸುವುದು ಹೇಗೆ?

'ಜನಕ್ಕೆ ಅರಿವಿಲ್ಲ, ಅದಕ್ಕೇ ಮಾತ್ರೆ ಬಿಡುತ್ತಾರೆ' ಅಂತ ಬರೆದಿದ್ದೀರಿ. ಪಿಎಚ್‌ಸಿಗೆ ಸೇರಿದ ಹೊಸದರಲ್ಲಿ ನಾನೂ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಚಿತ್ರದುರ್ಗದ ಕಡೆಯ ಒಂದು ಹಳ್ಳಿ. ಒಪಿಡಿಗೆ ಬರುವವರೆಲ್ಲ ಹೆಚ್ಚಾಗಿ ಕೂಲಿಯವರು. ಉಪ್ಪು ಕಡಿಮೆ ಮಾಡಿ, ಬೀಡಿ ಬಿಡಿ, ಮಾತ್ರೆ ತಪ್ಪಿಸಬೇಡಿ ಅಂತ ದಿನಾ ನನ್ನ ಭಾಷಣ. ರಿಜಿಸ್ಟರ್‌ನಲ್ಲಿ ಹೆಸರುಗಳು ಏರುತ್ತಲೇ ಇದ್ದವು. ಬಿಪಿ 140/90ರ ಕೆಳಗೆ ಇಳಿದವರು ಕೆಲವೇ ಮಂದಿ.

ನಾನು ಮೊದಲು ಎಡವಿದ್ದು ಇಲ್ಲಿ. ಎಲ್ಲರಿಗೂ 10 ದಿನದ ಮಾತ್ರೆ ಕೊಡುತ್ತಿದ್ದೆ. ಆಗ ಅದು ಜಾಣತನ ಅನ್ನಿಸಿತ್ತು. ಆಗಾಗ ಬಂದರೆ ಬಿಪಿ ನೋಡಬಹುದು, ಇರುವ ಸ್ಟಾಕ್ ಎಲ್ಲರಿಗೂ ಸಾಲುತ್ತದೆ, ಅಲ್ವಾ? ಈಗ ಅವರ ಕಡೆಯಿಂದ ಲೆಕ್ಕ ಹಾಕಿ. ತಿಂಗಳಿಗೆ ಮೂರು ಸಲ ಬರಬೇಕು. ಬಂದಾಗಲೆಲ್ಲ ಕೂಲಿ ಹೋಯಿತು, ಆಟೋ ದುಡ್ಡು ಬೇರೆ. ಬಿಪಿಗೆ ನೋವಿಲ್ಲ, ಜ್ವರವಿಲ್ಲ. ಯಾರು ಬರುತ್ತಾರೆ?

ಇದಕ್ಕಿಂತ ಕೆಟ್ಟದ್ದು ಇಂಡೆಂಟ್‌ನಲ್ಲಿತ್ತು, ಅಂದರೆ ಇಷ್ಟು ಮಾತ್ರೆ ಬೇಕು ಅಂತ ಮೇಲಕ್ಕೆ ಕಳಿಸುವ ಬೇಡಿಕೆ ಪಟ್ಟಿಯಲ್ಲಿ. ಹಿಂದಿನ ವರ್ಷ ಎಷ್ಟು ಮಾತ್ರೆ ಖರ್ಚಾಯಿತೋ ಅದಕ್ಕೆ ಒಂದಿಷ್ಟು ಸೇರಿಸಿ ಕಳಿಸುತ್ತಿದ್ದೆವು. ಜನ ಬಿಟ್ಟಷ್ಟೂ ಖರ್ಚು ಕಡಿಮೆ. ಖರ್ಚು ಕಡಿಮೆಯಾದಷ್ಟೂ ಮುಂದಿನ ಇಂಡೆಂಟ್ ಚಿಕ್ಕದು. ಕೊನೆಗೆ 10 ದಿನದ್ದು 5 ದಿನಕ್ಕೆ ಇಳಿಯಿತು. ಕೊರತೆಯನ್ನು ನಾನೇ ಬರೆದು, ಸಹಿ ಹಾಕಿ, ಮೇಲಕ್ಕೆ ಕಳಿಸುತ್ತಿದ್ದೆ! "ಸಾರ್, ರಿಜಿಸ್ಟರ್‌ನಲ್ಲಿರೋ ಕಾಲು ಭಾಗಕ್ಕೂ ಇದು ಸಾಲಲ್ಲ" ಅಂತ ಫಾರ್ಮಸಿಸ್ಟ್ ಹೇಳಿದಾಗಲೂ, "ಬರೋರೇ ಇಲ್ವಲ್ಲ" ಅಂದಿದ್ದೆ. ಆಮೇಲೆ ಬರುವುದು ನಿಲ್ಲಿಸಿದ್ದ ಒಬ್ಬರಿಗೆ ಲಕ್ವ ಹೊಡೆಯಿತು. ಮನೆಗೆ ಹೋದಾಗ ಅವರ ಹೆಂಡತಿ, "ಬಂದಿದ್ವಿ ಡಾಕ್ಟ್ರೇ, ಮಾತ್ರೆ ಖಾಲಿ ಅಂದ್ರು" ಅಂದರು. ಅರಿವಿಲ್ಲದಿದ್ದದ್ದು ಯಾರಿಗೆ ಹೇಳಿ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಖರ್ಚಿನ ಮೇಲೆ ಇಂಡೆಂಟ್ ಹಾಕುವುದನ್ನು ಬಿಡಿ, ನೋಂದಾಯಿತರ ಮೇಲೆ ಹಾಕಿ. 100 ಜನ ಇದ್ದರೆ, ಬಿಪಿಗೆ ಮೊದಲು ಕೊಡುವ ಅಮ್ಲೋಡಿಪಿನ್ 5 ಮಿಗ್ರಾಂ ಮಾತ್ರೆ ದಿನಕ್ಕೊಂದರಂತೆ ತಿಂಗಳಿಗೆ 3000 ಬೇಕೇ ಬೇಕು. ಎರಡನೇ ಮಾತ್ರೆ ಬೇಕಾಗುವವರ ಲೆಕ್ಕ ಬೇರೆ. ಒಬ್ಬೊಬ್ಬರಿಗೂ 30 ದಿನದ್ದು ಕೊಡಿ. ದೂರದವರು ಉಪಕೇಂದ್ರದಲ್ಲೇ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಹತ್ತಿರ ತೆಗೆದುಕೊಳ್ಳಲಿ. 2017ರಲ್ಲಿ ಶುರುವಾದ, ಬಿಪಿ ಹತೋಟಿಗೆ ತರುವ ಸರ್ಕಾರಿ ಕಾರ್ಯಕ್ರಮ ಇಂಡಿಯಾ ಹೈಪರ್‌ಟೆನ್ಷನ್ ಕಂಟ್ರೋಲ್ ಇನಿಷಿಯೇಟಿವ್ ಕೂಡ ಇದನ್ನೇ ಹಿಡಿದು ಹೊರಟದ್ದು: ಸರಳ ಪ್ರೋಟೋಕಾಲ್ (ಯಾವ ಮಾತ್ರೆ ಯಾವ ಕ್ರಮದಲ್ಲಿ ಅನ್ನುವ ನಿಯಮ), ಖಾಲಿಯಾಗದ ಸ್ಟಾಕ್, ನರ್ಸ್‌ಗಳಿಗೂ ಪಾಲಿರುವ ಕೆಲಸ, ಮನೆ ಹತ್ತಿರ ಮಾತ್ರೆ, ಬಾರದವರ ಪಟ್ಟಿ. ಅದರಲ್ಲಿ ಭಾಷಣಕ್ಕಿಂತ ಪಟ್ಟಿ ದೊಡ್ಡದು. ಈ ವಾರ ಬರಬೇಕಿದ್ದು ಬಾರದವರು ಯಾರು ಅಂತ ಸ್ಟಾಫ್ ನರ್ಸ್ ನೋಡಬೇಕು, ಫೋನ್ ಮಾಡಬೇಕು. ಸಿಗದಿದ್ದರೆ ಆಶಾಗೆ ಹೇಳಬೇಕು. ವಾಪಸ್ ಬಂದವರನ್ನು ದಯವಿಟ್ಟು ಬೈಯಬೇಡಿ, ಮತ್ತೆ ಬರುವುದಿಲ್ಲ.

ಹೊಸ ದುಬಾರಿ ಮಾತ್ರೆ ಬರೆಯಲಾ ಅಂತಲೂ ಕೇಳಿದ್ದೀರಿ. ಬೇಡ. ಅಮ್ಲೋಡಿಪಿನ್‌ಗೆ ಇಳಿಯದಿದ್ದರೆ ಟೆಲ್ಮಿಸಾರ್ಟಾನ್ 40 ಸೇರಿಸಿ, ಆಮೇಲೆ ಡೋಸ್ ಏರಿಸಿ, ಅದಕ್ಕೂ ಬಗ್ಗದಿದ್ದರೆ ಕ್ಲೋರ್‌ಥ್ಯಾಲಿಡೋನ್. (ಗರ್ಭಿಣಿಯರಿಗೆ, ಗರ್ಭ ಧರಿಸಬಹುದಾದವರಿಗೆ ಟೆಲ್ಮಿಸಾರ್ಟಾನ್ ಬೇಡ, ನಿಮಗೆ ಗೊತ್ತಿರುತ್ತದೆ.) ನಮ್ಮ ಒಪಿಡಿ ಚೀಟಿಗಳಲ್ಲಿ ನಾನು ಜಾಸ್ತಿ ಕಂಡದ್ದು ಬೇರೆಯೇ ರೋಗ: ಬಿಪಿ 160/100, ಕೆಳಗೆ 'ಅದೇ ಮಾತ್ರೆ ಮುಂದುವರಿಸಿ'.

ಇನ್ನೊಂದು, ನಿಮ್ಮ ರಿಜಿಸ್ಟರ್ ತೆಗೆದು ನೋಡಿ. ಸಾಲಾಗಿ 130/80, 130/80 ಅಂತಿದ್ದರೆ ಯಾರೋ ಸುಮ್ನೆ ಬರೆದಿದ್ದಾರೆ. ತೋಳಿಗೆ ಕಟ್ಟುವ ಡಿಜಿಟಲ್ ಮಷೀನ್ ತರಿಸಿ. ನಡೆದು ಬಂದವರನ್ನು ಐದು ನಿಮಿಷ ಕೂರಿಸಿ, ಆಮೇಲೆ ನೋಡಿ.

ಮೇ 17ರ ವಿಶ್ವ ರಕ್ತದೊತ್ತಡ ದಿನಕ್ಕೆ ಶಿಬಿರ ಮಾಡ್ತೀನಿ ಅಂದಿದ್ದೀರಲ್ಲ, ಮಾಡಿ. ಮೇಲಿನವರು ಫೋಟೋ ಕೇಳುತ್ತಾರೆ. ಆದರೆ ಬ್ಯಾನರ್‌ಗೆ ಹೇಳುವ ಮುಂಚೆ ಫಾರ್ಮಸಿಸ್ಟ್ ಜೊತೆ ಕೂತು ಸ್ಟಾಕ್ ಎಣಿಸಿ. ಆವತ್ತು ಸಿಗುವ ಹೊಸಬರನ್ನೂ ಸೇರಿಸಿ ಇಂಡೆಂಟ್ ಹಾಕಿ.